ಪ್ಯಾರಾಮೋಟರ್ ರಿಡಕ್ಷನ್ ಡ್ರೈವ್ ಕೆಟ್ಟಾಗ ಎಲ್ಲಿಂದ ಹುಡುಕಬೇಕು?

ಬೆನ್ನಿಗೆ ಎಂಜಿನ್ ಕಟ್ಟಿಕೊಂಡು, ತಲೆಯ ಮೇಲೆ ಬಟ್ಟೆಯ ರೆಕ್ಕೆ ಹರಡಿಕೊಂಡು ಹಾರುವುದೇ ಪ್ಯಾರಾಮೋಟರ್. ಹಾರುವವರು ಎಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಕಾರ್ಬ್ಯುರೇಟರ್ ಜೆಟ್, ಪ್ಲಗ್‌ನ ಬಣ್ಣ, ಪೆಟ್ರೋಲಿಗೆ ಎಷ್ಟು ಆಯಿಲ್ ಹಾಕಬೇಕು, ಹೀಗೆ. ರೆಕ್ಕೆಯ ವಿಷಯವಂತೂ ಕೇಳಲೇಬೇಡಿ. ಆದರೆ ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ನಡುವೆ ಕೂತಿರುವ ಪುಟ್ಟ ಭಾಗವೊಂದು ಯಾರ ಮಾತಿನಲ್ಲೂ ಬರುವುದಿಲ್ಲ. ಅದು ಕಿರುಚಲು ಶುರು ಮಾಡಿದ ಮೇಲಷ್ಟೇ ನೆನಪಾಗುತ್ತದೆ. ಅದೇ ರಿಡಕ್ಷನ್ ಡ್ರೈವ್, ಎಂಜಿನ್ನಿನ ಸುತ್ತಿನ ವೇಗ ಇಳಿಸಿ ಪ್ರೊಪೆಲ್ಲರ್‌ಗೆ ದಾಟಿಸುವ ಭಾಗ.

ಕೆಟ್ಟಾಗ ಹೆಚ್ಚಿನವರು ಏನು ಮಾಡುತ್ತಾರೆ? ಬೆಲ್ಟ್ ಹೋಯಿತು, ಹೊಸದು ಹಾಕು. ಬೇರಿಂಗ್ ಹೋಯಿತು, ಹೊಸದು ಹಾಕು. ಸ್ವಲ್ಪ ದಿನಕ್ಕೆ ಅದೇ ಬೇರಿಂಗ್ ಮತ್ತೆ ಹೋಗುತ್ತದೆ. ಯಾಕೆಂದರೆ ಈ ಡ್ರೈವ್‌ನಲ್ಲಿ ಕಾಣುವ ಬಹಳಷ್ಟು ತೊಂದರೆಗಳ ಬೇರು ಡ್ರೈವ್‌ನೊಳಗೆ ಇರುವುದೇ ಇಲ್ಲ. ತೂಕ ಸರಿ ಇಲ್ಲದ ಪ್ರಾಪ್ (ಪ್ರೊಪೆಲ್ಲರ್), ಜಾಸ್ತಿ ಇಟ್ಟ ಐಡ್ಲಿಂಗ್ (ಥ್ರಾಟಲ್ ಕೊಡದಿರುವಾಗ ಎಂಜಿನ್ ತಿರುಗುವ ವೇಗ), ಶಾಫ್ಟಿನ ಸುತ್ತ ಆಯಿಲ್ ತಡೆಯಬೇಕಾದ ಆದರೆ ಸೋರುವ ಒಂದು ಸೀಲ್, ಬಿಗಿ ತಪ್ಪಿದ ಒಂದು ಬೋಲ್ಟ್. ಇವೆಲ್ಲದರ ಪೆಟ್ಟು ಕೊನೆಗೆ ಬೀಳುವುದು ನಡುವೆ ಇರುವ ಈ ಡ್ರೈವ್ ಮೇಲೆ. ಹಾಗಾಗಿ ಬಿಚ್ಚುವ ಮೊದಲು ಹುಡುಕುವುದನ್ನು ಕಲಿಯಬೇಕು.

ಅಷ್ಟಕ್ಕೂ ಇದು ಯಾಕೆ ಬೇಕು

ಇಟಲಿಯ ವಿಟ್ಟೊರಾಜಿ ಕಂಪನಿಯ ಮೋಸ್ಟರ್ 185 ಎಂಜಿನ್ ತೆಗೆದುಕೊಳ್ಳಿ. ಪ್ಯಾರಾಮೋಟರ್ ಲೋಕದಲ್ಲಿ ಬಹಳ ಬಳಕೆಯಲ್ಲಿರುವ ಟೂ ಸ್ಟ್ರೋಕ್ ಎಂಜಿನ್ ಇದು. ಒಂದೇ ಸಿಲಿಂಡರ್, ಸುಮಾರು 185 ಸಿಸಿ, ಸುಮಾರು 25 ಎಚ್‌ಪಿ. ಆ ಶಕ್ತಿ ಸಿಗುವುದು ನಿಮಿಷಕ್ಕೆ 7,800 ಸುತ್ತಿನ ಆಸುಪಾಸಿನಲ್ಲಿ. ಇದಕ್ಕೆ 125 ಸೆಂಟಿಮೀಟರ್ ಅಗಲದ ಪ್ರಾಪ್ ಅನ್ನು ನೇರವಾಗಿ ಜೋಡಿಸಿದರೆ ಏನಾಗುತ್ತದೆ? 7,800 ಆರ್‌ಪಿಎಂ ಅಂದರೆ ಸೆಕೆಂಡಿಗೆ 130 ಸುತ್ತು. ಪ್ರಾಪ್‌ನ ತುದಿ ಒಂದು ಸುತ್ತಿಗೆ ಸುಮಾರು 3.93 ಮೀಟರ್ ಓಡುತ್ತದೆ. ಗುಣಿಸಿದರೆ ಸೆಕೆಂಡಿಗೆ 510 ಮೀಟರ್. ಶಬ್ದದ ವೇಗವೇ ಸುಮಾರು 340 ಮೀಟರ್. ತುದಿ ಶಬ್ದವನ್ನೂ ಮೀರಿಸಿ ಓಡಿದರೆ ಗದ್ದಲ ವಿಪರೀತ, ತಳ್ಳುವ ಬಲ ಮಾತ್ರ ಕಡಿಮೆ. ಪ್ರಾಪ್ ಉಳಿಯುವುದೂ ಅನುಮಾನ.

ನಡುವೆ 2.68ಕ್ಕೆ 1ರ ಇಳಿಕೆ ಇಟ್ಟರೆ ಪ್ರಾಪ್ ತಿರುಗುವುದು 2,910 ಆರ್‌ಪಿಎಂನಲ್ಲಿ. ತುದಿಯ ವೇಗ ಸೆಕೆಂಡಿಗೆ 190 ಮೀಟರ್. ಇದು ಸಹಿಸಬಹುದಾದ ಲೆಕ್ಕ. ಜೊತೆಗೆ ತಿರುಚುವ ಬಲ, ಅಂದರೆ ಟಾರ್ಕ್, ಅಷ್ಟೇ ಪಟ್ಟು ಹೆಚ್ಚುತ್ತದೆ. ಕ್ರ್ಯಾಂಕ್‌ನಲ್ಲಿ, ಅಂದರೆ ಎಂಜಿನ್ ತಿರುಗಿಸುವ ಶಾಫ್ಟಿನಲ್ಲಿ, 22 ನ್ಯೂಟನ್ ಮೀಟರ್ ಇದ್ದದ್ದು ಪ್ರಾಪ್‌ನಲ್ಲಿ 60ರ ಹತ್ತಿರ ಬರುತ್ತದೆ.

ಆದರೆ ಈ 22 ಅನ್ನುವುದು ಸರಾಸರಿ. ಒಂದೇ ಸಿಲಿಂಡರ್‌ನ ಎಂಜಿನ್ ಒಂದೇ ಸಮನೆ ತಿರುಗಿಸುವುದಿಲ್ಲ. ಪ್ರತಿ ಸುತ್ತಿಗೆ ಒಮ್ಮೆ ಬಡಿಯುತ್ತದೆ, ಉಳಿದ ಹೊತ್ತು ತಾನೇ ಎಳೆಸಿಕೊಳ್ಳುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಸೆಕೆಂಡಿಗೆ 130 ಬಡಿತ. ಪ್ರತಿ ಬಡಿತದ ತುದಿಯ ಬಲ ಸರಾಸರಿಗಿಂತ ಹಲವು ಪಟ್ಟು. ಇತ್ತ ಬದಿಯಲ್ಲಿ ಭಾರದ ಪ್ರಾಪ್ ತನ್ನ ವೇಗ ಬಿಟ್ಟುಕೊಡಲು ಒಪ್ಪುವುದಿಲ್ಲ. ಈ ಜಗ್ಗಾಟದ ನಡುವೆ ಸಿಕ್ಕಿಹಾಕಿಕೊಂಡಿರುವುದೇ ನಮ್ಮ ಡ್ರೈವ್.

ಇಳಿಕೆ ಮಾಡಲು ಎರಡು ದಾರಿ. ಒಂದು ಬೆಲ್ಟ್, ಇನ್ನೊಂದು ಗೇರು. ಜರ್ಮನಿಯ ಸೋಲೊ 210ನಂಥ ಹಳೆಯ ಎಂಜಿನ್‌ಗಳಲ್ಲಿ ಬೆಲ್ಟ್ ಇತ್ತು. ಈಗಲೂ ಬೆಲ್ಟ್ ಇರುವ ಎಂಜಿನ್‌ಗಳು ಬರುತ್ತಿವೆ. ಮೋಸ್ಟರ್, ಪೊಲಿನಿ ಕಂಪನಿಯ ಥೋರ್ ಮುಂತಾದವುಗಳಲ್ಲಿ ಓರೆ ಹಲ್ಲಿನ ಗೇರುಗಳು ಆಯಿಲ್‌ನಲ್ಲಿ ಮುಳುಗಿ ತಿರುಗುತ್ತವೆ, ಜೊತೆಗೆ ಸೆಂಟ್ರಿಫ್ಯೂಗಲ್ ಕ್ಲಚ್, ಅಂದರೆ ವೇಗ ಏರಿದಾಗ ತಾನಾಗಿ ಹಿಡಿದುಕೊಳ್ಳುವ ಕ್ಲಚ್. ಯಾವುದು ಮೇಲು ಅನ್ನುವ ಜಗಳ ಸುಮ್ನೆ. ಬೆಲ್ಟ್ ಆ ಬಡಿತವನ್ನು ತಾನೇ ಸ್ವಲ್ಪ ನುಂಗುತ್ತದೆ, ಅಗ್ಗ, ಆದರೆ ಬಿಗಿತದ ಮೇಲೆ ಕಣ್ಣಿಡಬೇಕು. ಗೇರು ಜಾರುವುದಿಲ್ಲ, ಆದರೆ ಆಯಿಲ್ ಮತ್ತು ಸೀಲ್ ನೋಡಿಕೊಳ್ಳಬೇಕು. ಒಂದು ವಿಷಯ ಮಾತ್ರ ನೆನಪಿರಲಿ. ಬೆಲ್ಟ್‌ನಲ್ಲಿ ಪ್ರಾಪ್ ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗುತ್ತದೆ. ಒಂದು ಜೋಡಿ ಗೇರು ಬಂದರೆ ದಿಕ್ಕು ತಿರುವುಮುರುವು. ಹಾಗಾಗಿ ಸ್ನೇಹಿತರ ಪ್ರಾಪ್ ತಂದು ಹಾಕುವ ಮೊದಲು ಅದು ಯಾವ ದಿಕ್ಕಿನದು ಎಂದು ನೋಡಲೇಬೇಕು.

ಮೊದಲು ಪ್ಲಗ್ ಕ್ಯಾಪ್ ತೆಗೆಯಿರಿ

ಪ್ರಾಪ್ ತಗುಲಿ ಆಗುವ ಗಾಯಗಳು ಈ ಹವ್ಯಾಸದ ಅತಿ ಗಂಭೀರ ಗಾಯಗಳ ಸಾಲಿನಲ್ಲಿವೆ. ಅವುಗಳಲ್ಲಿ ಎಷ್ಟೋ ಆಗುವುದು ನೆಲದ ಮೇಲೆ, ಎಂಜಿನ್ ಶುರು ಮಾಡುವಾಗ ಅಥವಾ ಪರೀಕ್ಷಿಸುವಾಗ. ಎಂಜಿನ್ ಆರಿಸುವ ಕಿಲ್ ಸ್ವಿಚ್‌ನ ವೈರು ಒಳಗೇ ತುಂಡಾಗಿದ್ದರೆ ಸ್ವಿಚ್ ಒತ್ತಿಯೂ ಪ್ರಯೋಜನವಿಲ್ಲ. ಹಾಗಾಗಿ ಕೈಯಿಂದ ಮಾಡುವ ಪ್ರತಿ ಪರೀಕ್ಷೆಗೂ ಪ್ಲಗ್ ಕ್ಯಾಪ್ ಹೊರಗಿರಬೇಕು. ಎಂಜಿನ್ ಓಡಿಸಿ ನೋಡುವ ಪರೀಕ್ಷೆಯಾದರೆ ಯಂತ್ರವನ್ನು ಗಟ್ಟಿ ಕಂಬಕ್ಕೋ ಸ್ಟ್ಯಾಂಡಿಗೋ ಬಿಗಿದು ಕಟ್ಟಬೇಕು. ಪ್ರಾಪ್ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು. ಒಂದು ಕೈಯಲ್ಲಿ ಫ್ರೇಮ್ ಹಿಡಿದು ಇನ್ನೊಂದು ಕೈಯಲ್ಲಿ ಥ್ರಾಟಲ್ ಕೊಡುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ.

ಕ್ಯಾಪ್ ತೆಗೆದ ಮೇಲೆ ಪ್ರಾಪ್ ಅನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಕ್ಲಚ್ ಇರುವ ಎಂಜಿನ್‌ನಲ್ಲಿ ಕಂಪ್ರೆಷನ್‌ನ ತಡೆ ಇರುವುದಿಲ್ಲ. ಪ್ರಾಪ್, ದೊಡ್ಡ ಗೇರು, ಚಿಕ್ಕ ಗೇರು, ಕ್ಲಚ್‌ನ ಬಟ್ಟಲು ಇಷ್ಟೇ ತಿರುಗುತ್ತವೆ. ಒಂದೇ ಸಮನೆ, ನುಣುಪಾಗಿ ತಿರುಗಬೇಕು. ಎಲ್ಲಾದರೂ ಸಿಕ್ಕಿದಂತೆ ಆದರೆ ಎಣಿಸಿ. ಪ್ರಾಪ್‌ನ ಒಂದು ಸುತ್ತಿಗೆ ಒಮ್ಮೆ, ಅದೂ ಅದೇ ಜಾಗದಲ್ಲಿ ಸಿಕ್ಕಿದರೆ ದೊಡ್ಡ ಗೇರಿನ ಹಲ್ಲಿಗೋ ಪ್ರಾಪ್ ಶಾಫ್ಟಿಗೋ ಪೆಟ್ಟಾಗಿದೆ. ಮೂರು ಸುತ್ತಿಗೆ ಎಂಟು ಸಲ ಸಿಕ್ಕಿದರೆ ತೊಂದರೆ ಚಿಕ್ಕ ಗೇರಿನ ಕಡೆ, ಇಲ್ಲವೇ ಕ್ಲಚ್ ಬಟ್ಟಲಿನ ಕಡೆ. ಯಾಕೆಂದರೆ ಅದು ಪ್ರಾಪ್‌ಗಿಂತ 2.68 ಪಟ್ಟು ಜೋರಾಗಿ ತಿರುಗುತ್ತದೆ. ಯಾವ ಲೆಕ್ಕಕ್ಕೂ ಸಿಗದೆ ಎಲ್ಲ ಕಡೆ ಮರಳು ಸಿಕ್ಕಿದಂತೆ ಗರಗರ ಅಂದರೆ ಅದು ಬೇರಿಂಗ್. ಒಂದು ಪಾನಾ ಕೂಡ ಮುಟ್ಟದೆ ಇಷ್ಟು ಗೊತ್ತಾಗುತ್ತದೆ ಅಲ್ವಾ?

ಆಮೇಲೆ ಪ್ರಾಪ್‌ನ ನಡುಭಾಗ ಹಿಡಿದು ಹಿಂದೆ ಮುಂದೆ, ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಎಂದು ಆಡಿದರೆ ಶಾಫ್ಟಿನ ಬೇರಿಂಗ್‌ನಲ್ಲಿ ಪ್ಲೇ, ಅಂದರೆ ಸಡಿಲ, ಬಂದಿದೆ. ಬ್ಲೇಡಿನ ತುದಿ ಹಿಡಿದು ಅಲ್ಲಾಡಿಸಬೇಡಿ. ಬ್ಲೇಡೇ ಬಾಗಿ ಮೋಸ ಮಾಡುತ್ತದೆ. ಇನ್ನು ಬ್ಲೇಡಿನ ಎರಡು ತುದಿಗಳೂ ಒಂದೇ ಜಾಗದಲ್ಲಿ ಹಾದುಹೋಗುತ್ತವೆಯೇ ನೋಡಬೇಕು. ಫ್ರೇಮಿಗೆ ಒಂದು ತಂತಿ ಕಟ್ಟಿ, ಅದರ ತುದಿಯನ್ನು ಬ್ಲೇಡಿನ ಹತ್ತಿರ ತಂದು ಪ್ರಾಪ್ ತಿರುಗಿಸಿದರೆ ಸಾಕು. ಹಾದುಹೋಗುವ ಜಾಗ ಬೇರೆ ಬೇರೆಯಾದರೆ ಪ್ರಾಪ್ ಓರೆಯಾಗಿ ಕೂತಿದೆ, ಇಲ್ಲವೇ ಶಾಫ್ಟ್ ಬಾಗಿದೆ. ಪ್ರಾಪ್ ಅನ್ನು ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿ ನೋಡಿ. ವ್ಯತ್ಯಾಸ ಪ್ರಾಪ್ ಜೊತೆಗೇ ತಿರುಗಿದರೆ ತಪ್ಪು ಪ್ರಾಪ್‌ನದು. ಹಬ್ಬಿನ (ಶಾಫ್ಟಿನ ತುದಿಯಲ್ಲಿ ಪ್ರಾಪ್ ಕೂರುವ ಭಾಗ) ಅದೇ ಬದಿಯಲ್ಲಿ ಉಳಿದರೆ ತಪ್ಪು ಶಾಫ್ಟಿನದು.

ಬೆಲ್ಟ್: ಸಡಿಲಕ್ಕಿಂತ ಬಿಗಿ ಕೆಟ್ಟದ್ದು

ಪ್ಯಾರಾಮೋಟರ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಉದ್ದುದ್ದ ಗೀರುಗಳಿರುವ ಪಾಲಿ ವಿ ಬೆಲ್ಟ್. ಕಾರಿನ ಆಲ್ಟರ್ನೇಟರ್‌ಗೆ ಹಾಕುವ ಬೆಲ್ಟ್‌ನ ಜಾತಿಯದೇ. ಜಾರುವ ಬೆಲ್ಟ್ ತಾನೇ ದೂರು ಹೇಳುತ್ತದೆ. ಥ್ರಾಟಲ್ ಕೊಟ್ಟ ಕೂಡಲೇ ಕಿರ್ ಎನ್ನುತ್ತದೆ. ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಪುಲ್ಲಿಯ ಸುತ್ತ ಕಪ್ಪು ಪುಡಿ ಕೂತಿರುತ್ತದೆ. ಎಂಜಿನ್ ಆರ್‌ಪಿಎಂ ಏರುತ್ತದೆ, ಬೆನ್ನಿಗೆ ತಳ್ಳುವ ಬಲ ಏರುವುದಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಹೋಗುವುದು ಬಿಗಿ ಮಾಡುವ ಬೋಲ್ಟಿಗೆ. ಬಿಗಿ ಮಾಡಿದರೆ ಕಿರುಚಾಟ ನಿಲ್ಲುತ್ತದೆ ನಿಜ. ಆದರೆ ಲೆಕ್ಕ ನೋಡಿ. 15 ಎಚ್‌ಪಿ ಎಂಜಿನ್ 6,500 ಆರ್‌ಪಿಎಂನಲ್ಲಿ ತಿರುಗುತ್ತಿದೆ, ಚಿಕ್ಕ ಪುಲ್ಲಿ 60 ಮಿಲಿಮೀಟರ್ ಅಂದುಕೊಳ್ಳಿ. ಬೆಲ್ಟ್ ಓಡುವುದು ಸೆಕೆಂಡಿಗೆ ಸುಮಾರು 20 ಮೀಟರ್. ಆ ಶಕ್ತಿ ದಾಟಿಸಲು ಎಳೆಯುವ ಬದಿಗೂ ಸಡಿಲ ಬದಿಗೂ 55 ಕಿಲೋದಷ್ಟು ವ್ಯತ್ಯಾಸ ಇರಬೇಕು. ಸಡಿಲ ಬದಿಯೂ ಒಂದಿಷ್ಟು ಬಿಗಿಯಾಗಿ ಇರಲೇಬೇಕಲ್ಲ. ಎರಡೂ ಸೇರಿ ಶಾಫ್ಟನ್ನು ನೂರು ಕಿಲೋ ಆಸುಪಾಸಿನ ಭಾರ ಪಕ್ಕಕ್ಕೆ ಜಗ್ಗುತ್ತದೆ. ಅದೂ ಕ್ರ್ಯಾಂಕ್‌ನ ಹೊರಚಾಚಿದ ತುದಿಯಲ್ಲಿ. ಅದರ ಮೇಲೆ ನಾವು ಇನ್ನೊಂದಷ್ಟು ಬಿಗಿ ಮಾಡಿದರೆ ಮೊದಲು ಪ್ರಾಪ್ ಕೂತಿರುವ ಮೇಲಿನ ಪುಲ್ಲಿಯ ಬೇರಿಂಗ್ ಹೋಗುತ್ತದೆ, ಆಮೇಲೆ ಕ್ರ್ಯಾಂಕ್ ಬೇರಿಂಗ್. ಕೊನೆಗೆ ಕ್ರ್ಯಾಂಕ್ ಶಾಫ್ಟಿನ ತುದಿಯೇ ಮುರಿಯಬಹುದು. ಸಡಿಲ ಬೆಲ್ಟ್ ಹೋದರೆ ಒಂದು ಬೆಲ್ಟ್‌ನ ಖರ್ಚು. ಬಿಗಿ ಬೆಲ್ಟ್ ಎಂಜಿನ್ನನ್ನೇ ತಿನ್ನುತ್ತದೆ.

ಹಾಗಾದರೆ ಸರಿಯಾದ ಬಿಗಿ ಎಷ್ಟು? ಬೆರಳಲ್ಲಿ ಒತ್ತಿ ನೋಡುವುದು ಹಳೆಯ ಪದ್ಧತಿ, ಒಬ್ಬೊಬ್ಬರ ಬೆರಳು ಒಂದೊಂದು ಹೇಳುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಬೆಲ್ಟನ್ನು ಮೀಟಿ ಕೇಳುವುದು. ಎರಡು ಪುಲ್ಲಿಗಳ ನಡುವಿನ ಬೆಲ್ಟನ್ನು ಮೀಟಿ, ಫೋನಿನಲ್ಲಿ ಗಿಟಾರ್ ಶ್ರುತಿ ಮಾಡುವ ಆ್ಯಪ್ ಹಿಡಿದರೆ ಎಷ್ಟು ಹರ್ಟ್ಸ್ ಎಂದು ಹೇಳುತ್ತದೆ. ಬಿಗಿತ ಆ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಸಂಖ್ಯೆ ನೂರಕ್ಕೆ 10ರಷ್ಟು ಇಳಿದಿದ್ದರೆ ಬಿಗಿತ ನೂರಕ್ಕೆ 19ರಷ್ಟು ಇಳಿದಿದೆ ಎಂದರ್ಥ. ತಯಾರಕರು ಹೇಳಿದ ರೀತಿಯಲ್ಲಿ ಒಮ್ಮೆ ಸರಿಯಾಗಿ ಬಿಗಿ ಮಾಡಿ, ಆಗಿನ ಹರ್ಟ್ಸ್ ಬರೆದಿಟ್ಟುಕೊಳ್ಳಿ. ಮುಂದೆ ಅದೇ ನಿಮ್ಮ ಅಳತೆಗೋಲು. ಎಂಜಿನ್ ತಣ್ಣಗಿರುವಾಗಲೇ ಪ್ರತಿ ಸಲ ಅಳೆಯಬೇಕು. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗಿ ಬೆಲ್ಟ್ ಇನ್ನಷ್ಟು ಬಿಗಿಯಾಗಿರುತ್ತದೆ.

ಬಿಗಿ ಮಾಡುವ ಏರ್ಪಾಡು ಹೆಚ್ಚಿನ ಕಡೆ ಎಕ್ಸೆಂಟ್ರಿಕ್ ಶಾಫ್ಟ್. ಮೇಲಿನ ಪುಲ್ಲಿಯ ಶಾಫ್ಟ್ ನಟ್ಟನಡುವೆ ಇರದೆ ಸ್ವಲ್ಪ ಪಕ್ಕದಲ್ಲಿರುತ್ತದೆ. ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ ಅದನ್ನು ತಿರುಗಿಸಿದರೆ ಪುಲ್ಲಿ ಮೇಲೇರುತ್ತದೆ. ಬೋಲ್ಟುಗಳನ್ನು ಮತ್ತೆ ಬಿಗಿದಾಗ ಅದು ಸ್ವಲ್ಪ ಜರುಗುವುದುಂಟು, ಹಾಗಾಗಿ ಕೊನೆಗೆ ಮತ್ತೊಮ್ಮೆ ಮೀಟಿ ನೋಡಿ. ಪ್ರಾಪ್‌ನ ನಡುವೂ ಸ್ವಲ್ಪ ಸರಿದಿರುವುದರಿಂದ ತುದಿ ಸುತ್ತಲಿನ ಪಂಜರಕ್ಕೆ ಎಷ್ಟು ದೂರ ಇದೆ ಎಂಬುದನ್ನೂ ನೋಡಬೇಕು. ಹೊಸ ಬೆಲ್ಟ್ ಮೊದಲ ಓಟದಲ್ಲಿ ಪುಲ್ಲಿಯ ಗೀರಿನಲ್ಲಿ ಕೂತುಕೊಂಡು ಸಡಿಲವಾಗುತ್ತದೆ. ಒಂದು ಸಲ ಓಡಿಸಿ ಮತ್ತೆ ಹೊಂದಿಸಿದರೆ ಬಹಳ ಕಾಲ ನಿಲ್ಲುತ್ತದೆ.

ಸರಿಯಾದ ಬಿಗಿಯಲ್ಲೂ ಬೆಲ್ಟ್ ಜಾರುತ್ತಿದ್ದರೆ? ಆಗ ಕಾರಣ ಬೇರೆ ಕಡೆ ಇದೆ. ಕ್ರ್ಯಾಂಕ್ ಸೀಲಿನಿಂದ ಆಯಿಲ್ ಬಂದು ಪುಲ್ಲಿಗೆ ತಾಗುತ್ತಿರಬಹುದು. ಪುಲ್ಲಿಯ ಗೀರು ಸವೆದು, ಬೆಲ್ಟ್ ಬದಿಯಲ್ಲಿ ಹಿಡಿಯದೆ ತಳದಲ್ಲಿ ಕೂತಿರಬಹುದು. ಅಥವಾ ಬೆಲ್ಟೇ ಸವೆದಿರಬಹುದು. ಹಳೆಯ ಬೆಲ್ಟುಗಳು ಸೀಳು ಬಿಟ್ಟು ಎಚ್ಚರಿಸುತ್ತಿದ್ದವು. ಈಗಿನ ಇಪಿಡಿಎಂ ಎಂಬ ಕೃತಕ ರಬ್ಬರಿನ ಬೆಲ್ಟುಗಳು ಸೀಳುವುದು ಅಪರೂಪ. ನೋಡಲು ಹೊಸದರಂತೆ ಕಾಣುತ್ತಲೇ ಸವೆದುಹೋಗಿರುತ್ತವೆ. ಬೆಲ್ಟ್ ಒಂದೇ ಅಂಚಿನಲ್ಲಿ ನವೆದಿದ್ದರೆ ಎರಡು ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ನೇರವಾದ ಸ್ಟೀಲ್ ಸ್ಕೇಲನ್ನು ಎರಡೂ ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿದರೆ ಕಾಣುತ್ತದೆ. ಕೀಚಲು ನಿಲ್ಲಿಸುತ್ತೇವೆ ಎನ್ನುವ ಸ್ಪ್ರೇಗಳನ್ನು ಮಾತ್ರ ದಯವಿಟ್ಟು ಹಾಕಬೇಡಿ. ಶಬ್ದ ನಿಲ್ಲುತ್ತದೆ, ರೋಗ ಉಳಿಯುತ್ತದೆ.

ಕ್ಲಚ್ ಎಲ್ಲಿ ಜಾರುತ್ತದೆ ಎಂದು ನೋಡಿ

ಗೇರಿಲ್ಲದ ಸ್ಕೂಟರಿನಲ್ಲಿ ಥ್ರಾಟಲ್ ಕೊಡುವ ತನಕ ಹಿಂದಿನ ಚಕ್ರ ತಿರುಗುವುದಿಲ್ಲ ಅಲ್ವಾ, ಇಲ್ಲಿಯೂ ಅದೇ ಕ್ಲಚ್. ಸ್ಪ್ರಿಂಗ್ ಹಿಡಿದಿಟ್ಟ ಶೂಗಳು ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿ ಬಟ್ಟಲಿನ ಒಳಮೈ ಹಿಡಿಯುತ್ತವೆ. ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಪ್ರಾಪ್ ನಿಂತೇ ಇರುತ್ತದೆ. ರೆಕ್ಕೆ ಎತ್ತುವಾಗ ದಾರಗಳು ಪ್ರಾಪ್‌ಗೆ ಸಿಗುವ ಭಯ ಕಡಿಮೆ. ಐಡ್ಲಿಂಗ್‌ನ ಒರಟು ಬಡಿತದಿಂದ ಗೇರಿನ ಹಲ್ಲುಗಳಿಗೂ ಬಿಡುವು ಸಿಗುತ್ತದೆ.

ಐಡ್ಲಿಂಗ್‌ನಲ್ಲೇ ಪ್ರಾಪ್ ತಿರುಗುತ್ತಿದೆ ಎನ್ನುವುದು ಅತಿ ಸಾಮಾನ್ಯ ದೂರು. ಕ್ಲಚ್ ಬಿಚ್ಚುವ ಮೊದಲು ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ನೋಡಿ. ಐಡ್ಲಿಂಗ್ ಜಾಸ್ತಿ ಇಟ್ಟಿರುವುದೇ ಬಹಳ ಸಲ ಕಾರಣ. ಐಡ್ಲಿಂಗ್ ಯಾಕೆ ಏರಿತು ಎಂದು ಮುಂದೆ ಕೇಳಿದರೆ ಕೆಲವೊಮ್ಮೆ ಉತ್ತರ ಕ್ರ್ಯಾಂಕ್ ಸೀಲ್ ಅಥವಾ ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರಿಕೆ ಎಂದು ಸಿಗುತ್ತದೆ. ಇದು ಪ್ರಾಪ್ ತಿರುಗುವುದಕ್ಕಿಂತ ದೊಡ್ಡ ಅಪಾಯ. ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾದರೆ ಪಿಸ್ಟನ್ ಬಿಸಿಯೇರಿ ಸಿಲಿಂಡರಿನೊಳಗೆ ಹಿಡಿದುಕೊಳ್ಳುತ್ತದೆ. ಐಡ್ಲಿಂಗ್ ಸರಿಯಾಗಿದ್ದೂ ಪ್ರಾಪ್ ತಿರುಗಿದರೆ ಆಗ ಸ್ಪ್ರಿಂಗ್ ಸೋತಿದೆ, ಇಲ್ಲವೇ ಬಟ್ಟಲಿನ ಬೇರಿಂಗ್ ಎಳೆಯುತ್ತಿದೆ.

ಜಾರುವ ವಿಷಯ ಬಂದರೆ, ಯಾವ ಆರ್‌ಪಿಎಂನಲ್ಲಿ ಜಾರುತ್ತದೆ ಎನ್ನುವುದೇ ಅರ್ಧ ಉತ್ತರ. ಶೂಗಳು ಹೊರಕ್ಕೆ ಒತ್ತುವ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 4,000ದಲ್ಲಿ ಹಿಡಿಯಲು ಶುರುವಾದರೆ 7,800ಕ್ಕೆ ಬರುವಷ್ಟರಲ್ಲಿ ಬಲ 3.8 ಪಟ್ಟು. ನಡುವಿನ ವೇಗದಲ್ಲಿ ಒಂದು ಕ್ಷಣ ಜಾರುವುದು ಸಹಜ, ಕ್ಲಚ್ ಇರುವುದೇ ಹಾಗೆ. ಪೂರ್ತಿ ಥ್ರಾಟಲ್‌ನಲ್ಲಿ ಅಷ್ಟು ಬಲದಲ್ಲೂ ಜಾರಿದರೆ ಅದು ಸಹಜವಲ್ಲ. ಶೂಗೆ ಆಯಿಲ್ ತಾಗಿದೆ, ಶೂ ಮೇಲಿನ ಹಿಡಿತದ ಪದರ, ಅಂದರೆ ಲೈನಿಂಗ್, ಸುಟ್ಟು ಗಾಜಿನಂತಾಗಿದೆ, ಅಥವಾ ಸವೆದು ಮುಗಿದಿದೆ.

ಜಾರುತ್ತಿದೆಯೋ ಇಲ್ಲವೋ ಎಂಬ ಅನುಮಾನವನ್ನು ಊಹೆಗೆ ಬಿಡಬೇಕಿಲ್ಲ. ಪ್ರಾಪ್‌ಗೆ ಹೊಳೆಯುವ ಪಟ್ಟಿ ಅಂಟಿಸಿ, ಬೆಳಕು ಬಿಟ್ಟು ಸುತ್ತು ಎಣಿಸುವ ಟ್ಯಾಕೋಮೀಟರನ್ನು ದೂರದಿಂದ ಹಿಡಿಯಿರಿ. ಜೊತೆಗೆ ಪ್ಲಗ್ ವೈರಿಗೆ ಸುತ್ತಿದ ಮೀಟರಿನಲ್ಲಿ ಎಂಜಿನ್ ಆರ್‌ಪಿಎಂ ನೋಡಿ. ಎಂಜಿನ್ 7,800 ತೋರಿಸುವಾಗ ಪ್ರಾಪ್ 2,910 ತೋರಿಸಬೇಕು. 2,750 ತೋರಿಸಿದರೆ 160 ಸುತ್ತು ಎಲ್ಲೋ ಕಳೆದುಹೋಗಿದೆ, ನೂರಕ್ಕೆ ಐದೂವರೆಯಷ್ಟು. ಗೇರು ಜಾರಲಾರದು, ಹಾಗಾಗಿ ಕಳ್ಳ ಕ್ಲಚ್ಚೇ. ಮೀಟರ್ ಟೂ ಸ್ಟ್ರೋಕ್‌ಗೆ, ಅಂದರೆ ಸುತ್ತಿಗೊಂದು ಕಿಡಿ ಎಂಬ ಲೆಕ್ಕಕ್ಕೆ ಹೊಂದಿಸಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಸಂಖ್ಯೆ ಅರ್ಧವೋ ದುಪ್ಪಟ್ಟೋ ಆಗಿ ಕಾಣುತ್ತದೆ. ಬೆಲ್ಟ್ ಡ್ರೈವ್‌ಗೂ ಇದೇ ಪರೀಕ್ಷೆ ನಡೆಯುತ್ತದೆ. ಅಲ್ಲಿ ನೂರಕ್ಕೆ ಒಂದೆರಡು ಕಡಿಮೆ ಬರುವುದು ಸಾಮಾನ್ಯ.

ಬೆಂಗಳೂರಿನವರಿಗೆ ಒಂದು ಮಾತು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ನಮ್ಮಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು ನೂರಕ್ಕೆ 8ರಿಂದ 10ರಷ್ಟು ತೆಳು. ಎಂಜಿನ್ ಶಕ್ತಿ ಇಳಿಯುತ್ತದೆ, ಪ್ರಾಪ್‌ಗೆ ತಡೆಯೂ ಇಳಿಯುತ್ತದೆ. ಹಾಗಾಗಿ ಆರ್‌ಪಿಎಂ ಹೆಚ್ಚುಕಡಿಮೆ ಅಷ್ಟೇ ಇದ್ದು ತಳ್ಳುವ ಬಲ ಮಾತ್ರ ಕಡಿಮೆ ಅನಿಸುತ್ತದೆ. ಕರಾವಳಿಯಿಂದ ಬಂದವರು ಇದನ್ನು ಕ್ಲಚ್ ಜಾರುವುದು ಎಂದುಕೊಂಡರೆ ಆಶ್ಚರ್ಯವಿಲ್ಲ. ಎರಡು ಟ್ಯಾಕೋಮೀಟರಿನ ಪರೀಕ್ಷೆ ಅನುಮಾನ ಪರಿಹರಿಸುತ್ತದೆ.

ಕ್ಲಚ್ಚನ್ನು ಕೊಲ್ಲುವ ಮುಖ್ಯ ಅಭ್ಯಾಸ ಒಂದಿದೆ. ಅರ್ಧ ಹಿಡಿದ ಸ್ಥಿತಿಯಲ್ಲಿ ಬಹಳ ಹೊತ್ತು ಇಡುವುದು. ಮೂರು ಚಕ್ರದ ಗಾಡಿಗೆ ಎಂಜಿನ್ ಕಟ್ಟಿ ನೆಲದ ಮೇಲೆ ತೆವಳುತ್ತಾ ಹೋಗುವವರಲ್ಲಿ ಇದು ಜಾಸ್ತಿ. ಬಟ್ಟಲಿನ ಒಳಮೈ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ವಿಪರೀತ ಬಿಸಿ ಕಂಡಿದೆ. ಬಣ್ಣ ಕಂಡ ಬಟ್ಟಲಿನಲ್ಲಿ ಸೀಳು ಹುಡುಕಿ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಸೀಮೆಸುಣ್ಣದ ಪುಡಿ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಸೀಳಿದ್ದ ಕಡೆ ಒದ್ದೆ ಗೆರೆ ಮೂಡುತ್ತದೆ. ಸೀಳಿದ್ದರೆ ಬಟ್ಟಲು ಗುಜರಿಗೆ. ವೆಲ್ಡಿಂಗ್ ಮಾತೇ ಬೇಡ. ಲೈನಿಂಗ್ ಬರೀ ನುಣುಪಾಗಿದ್ದರೆ ಎಮರಿ ಪೇಪರಿನಲ್ಲಿ ಹಗುರವಾಗಿ ಉಜ್ಜಬಹುದು, ಮಾಸ್ಕ್ ಹಾಕಿಕೊಂಡು.

ಆಯಿಲ್ ತಾಗಿದ್ದರೆ ಅದು ಯಾವ ಆಯಿಲ್? ಇಲ್ಲಿ ಮೂಗು ಬೇಕು. ಕ್ಲಚ್ ಮನೆಗೆ ಎರಡು ಕಡೆಯಿಂದ ಆಯಿಲ್ ಬರಬಹುದು. ದಪ್ಪಗೆ, ಗಂಧಕದಂಥ ಘಾಟು ವಾಸನೆ ಇದ್ದರೆ ಗೇರ್ ಆಯಿಲ್, ಗೇರ್‌ಬಾಕ್ಸಿನ ಸೀಲ್ ಹೋಗಿದೆ. ತೆಳ್ಳಗೆ, ಪೆಟ್ರೋಲ್ ವಾಸನೆ ಇದ್ದರೆ ಕ್ರ್ಯಾಂಕ್ ಸೀಲ್ ಹೋಗಿದೆ. ಎರಡನೆಯದಾದರೆ ಹಾರಾಟ ಅಲ್ಲಿಗೇ ನಿಲ್ಲಿಸಿ. ಆಯಿಲ್ ಹೊರಬರುವ ದಾರಿಯಲ್ಲೇ ಗಾಳಿ ಒಳಹೋಗುತ್ತದೆ.

ಗೇರ್‌ಬಾಕ್ಸ್ ಒಳಗಿನ ಸಾಕ್ಷಿ

ಗೇರ್‌ಬಾಕ್ಸಿನಲ್ಲಿ ಹಿಡಿಸುವ ಆಯಿಲ್ ತೀರಾ ಸ್ವಲ್ಪ. ಅಷ್ಟೇ ಆಯಿಲ್ ಹಲ್ಲುಗಳ ಒತ್ತಡವನ್ನೂ ಬಿಸಿಯನ್ನೂ ಹೊರಬೇಕು. ಗ್ರೇಡ್ ಮತ್ತು ಅಳತೆಯನ್ನು ಎಂಜಿನ್ನಿನ ಕೈಪಿಡಿ ನೋಡಿಯೇ ಹಾಕಬೇಕು. ಇರಲಿ ಎಂದು ಜಾಸ್ತಿ ಹಾಕಿದರೆ ಒಳ್ಳೆಯದಾಗುವುದಿಲ್ಲ. ಗೇರು ಅದನ್ನು ಕಡೆದು ನೊರೆ ಮಾಡುತ್ತದೆ, ಬಿಸಿಯಾಗುತ್ತದೆ, ಒಳಗಿನ ಒತ್ತಡ ಹೊರಬಿಡಲು ಕೇಸಿನಲ್ಲಿಟ್ಟ ಉಸಿರಾಟದ ರಂಧ್ರದಿಂದ ಉಕ್ಕುತ್ತದೆ. ಆ ರಂಧ್ರ ಕೆಮ್ಮಣ್ಣಿನ ಧೂಳಿನಿಂದ ಮುಚ್ಚಿಕೊಂಡರೆ ಒಳಗಿನ ಒತ್ತಡ ಸೀಲನ್ನೇ ಹೊರಕ್ಕೆ ದಬ್ಬುತ್ತದೆ. ಸೀಲ್ ಮತ್ತೆ ಮತ್ತೆ ಸೋರುತ್ತಿದ್ದರೆ ಹೊಸ ಸೀಲ್ ತರುವ ಮೊದಲು ಒಂದು ತಂತಿ ಹಾಕಿ ಆ ರಂಧ್ರ ನೋಡಿ. ಇನ್ನೊಂದು, ಕಾರಿನ ಡಿಕ್ಕಿಯಲ್ಲಿ ಯಂತ್ರವನ್ನು ಮಲಗಿಸಿ ತಂದಿದ್ದರೆ ಆಯಿಲ್ ಅಲ್ಲೇ ಹೊರಟುಹೋಗಿರಬಹುದು. ಕೆಳಗೆ ಚಾಪೆ ಒದ್ದೆಯಾಗಿದ್ದರೆ ಅಳತೆ ನೋಡದೆ ಶುರು ಮಾಡಬೇಡಿ.

ಹೊಸ ಗೇರ್‌ಬಾಕ್ಸಿನ ಮೊದಲ ಆಯಿಲ್ ಬೇಗ ಬದಲಾಯಿಸಬೇಕು, ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಪುಡಿ ಅದರಲ್ಲಿರುತ್ತದೆ. ಪ್ರತಿ ಸಲ ಬದಲಾಯಿಸುವಾಗಲೂ ಹಳೆಯದನ್ನು ಬಿಳಿ ತಟ್ಟೆಗೆ ಸುರಿದು ಬಿಸಿಲಲ್ಲಿ ನೋಡಿ. ನನ್ನ ಪ್ರಕಾರ ಇಡೀ ನಿರ್ವಹಣೆಯಲ್ಲಿ ಇದಕ್ಕಿಂತ ಲಾಭದ ಐದು ನಿಮಿಷ ಇಲ್ಲ. ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ. ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ಯಂತ್ರದಲ್ಲಿ ಇದು ಆಗುತ್ತದೆ. ಆಯಸ್ಕಾಂತವಿರುವ ಡ್ರೈನ್ ಬೋಲ್ಟಿಗೆ ಬೂದು ಬಣ್ಣದ ನುಣುಪು ಕೆಸರು ಅಂಟಿದ್ದರೆ ಹೆದರಬೇಡಿ, ಅದು ಸಹಜ ಸವೆತ. ಬೆರಳಲ್ಲಿ ಉಜ್ಜಿದಾಗ ಚುಚ್ಚುವ ಚೂರು ಸಿಕ್ಕಿದರೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಆಯಸ್ಕಾಂತಕ್ಕೆ ಅಂಟದ ಬೆಳ್ಳಿ ಹೊಳಪು ಕಂಡರೆ ಅದು ಅಲ್ಯೂಮಿನಿಯಂ. ಅಂದರೆ ಬೇರಿಂಗಿನ ಹೊರಬಳೆ ಕೇಸಿನೊಳಗೆ ತಿರುಗುತ್ತಾ ಗೂಡನ್ನು ತಿನ್ನುತ್ತಿದೆ. ಆಗ ಹೊಸ ಬೇರಿಂಗ್ ಹಾಕಿದರೂ ನಿಲ್ಲುವುದಿಲ್ಲ, ಕೇಸೇ ಹೋಗಿದೆ. ಚಿನ್ನದ ಬಣ್ಣದ ಚೂರಾದರೆ ಹಿತ್ತಾಳೆ ಪಂಜರ ಇರುವ ಬೇರಿಂಗ್ ಮೇಲೆ ಅನುಮಾನ ಪಡಬೇಕು.

ಬೇರಿಂಗ್ ತರಲು ಹೋಗುವವರಿಗೆ ಒಂದು ಸುಳಿವು. ಬೇರಿಂಗ್ ಮೇಲಿನ 6204ನಂಥ ಸಂಖ್ಯೆಯ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ, 20 ಮಿಲಿಮೀಟರ್. ಈ ಲೆಕ್ಕ 04ರಿಂದ ಮೇಲಕ್ಕೆ ಮಾತ್ರ. ಸಂಖ್ಯೆಯ ಜೊತೆ ಸಿ3 ಎಂದಿದ್ದರೆ ಅದೂ ಮುಖ್ಯ, ಬಿಸಿಯಾದಾಗ ಹಿಗ್ಗಲು ಒಳಗೆ ಹೆಚ್ಚು ಜಾಗ ಇರುವ ಬೇರಿಂಗ್ ಅದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಒಳ್ಳೆಯ ಕಂಪನಿಯ ಬೇರಿಂಗ್ ಸಲೀಸಾಗಿ ಸಿಗುತ್ತದೆ. ನಕಲಿಯೂ ಇರುತ್ತದೆ, ಹಾಗಾಗಿ ಅಧಿಕೃತ ಡೀಲರಿನಿಂದ ಬಿಲ್ ಸಮೇತ ತನ್ನಿ. ಕೂರಿಸುವಾಗ ಸುತ್ತಿಗೆ ಬೇಡ. ಕೇಸನ್ನು 100 ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿ, ಬೇರಿಂಗನ್ನು ಫ್ರೀಜರಿನಲ್ಲಿಟ್ಟು ತಂದರೆ ತಾನಾಗಿಯೇ ಜಾರಿ ಕೂರುತ್ತದೆ. ಒತ್ತಲೇಬೇಕಾದರೆ ಕೇಸಿಗೆ ಹಾಕುವಾಗ ಹೊರಬಳೆಯನ್ನು, ಶಾಫ್ಟಿಗೆ ಹಾಕುವಾಗ ಒಳಬಳೆಯನ್ನು ಒತ್ತಬೇಕು. ತಿರುವುಮುರುವಾದರೆ ಗುಂಡುಗಳು ಬಳೆಯಲ್ಲಿ ಗುಳಿ ಬೀಳಿಸುತ್ತವೆ. ಆ ಬೇರಿಂಗ್ ಮೊದಲ ದಿನವೇ ಹಾಳಾದಂತೆ.

ಶಬ್ದದಿಂದಲೂ ಹುಡುಕಬಹುದು. ಫೋನಿನಲ್ಲಿ ಶಬ್ದದ ಪಟ್ಟಿ ತೋರಿಸುವ ಆ್ಯಪ್ ಸಿಗುತ್ತದೆ. 7,800ರಲ್ಲಿ ಎಂಜಿನ್ ಬಡಿತ 130 ಹರ್ಟ್ಸ್, ಪ್ರಾಪ್ ಸುತ್ತು 48.5, ಎರಡು ಬ್ಲೇಡ್ ಇದ್ದರೆ ಗಾಳಿ ಕಡಿಯುವ ಸದ್ದು 97. ಚಿಕ್ಕ ಗೇರಿಗೆ 19 ಹಲ್ಲು ಇದ್ದರೆ ಹಲ್ಲುಗಳ ಹಾಡು 2,470 ಹರ್ಟ್ಸ್. ಯಾವ ಸದ್ದು ಎಲ್ಲಿಯದು ಎಂದು ಕೂಡಿಸಿ ಗುಣಿಸಿ ಹೇಳಬಹುದು. ಆರ್‌ಪಿಎಂ ಬದಲಾದರೂ ಒಂದು ಸದ್ದು ಅದೇ ಹರ್ಟ್ಸ್‌ನಲ್ಲಿ ನಿಂತಿದ್ದರೆ ಅದು ತಿರುಗುವ ಭಾಗದ್ದಲ್ಲ. ಸೈಲೆನ್ಸರ್ ಬ್ರ್ಯಾಕೆಟ್ಟೋ ಫ್ರೇಮೋ ಅದುರುತ್ತಿದೆ. ಇದನ್ನು ಗೇರ್‌ಬಾಕ್ಸ್ ಎಂದು ತಿಳಿದು ಬಿಚ್ಚಿ ಹಾಕಿದವರು ಇದ್ದಾರೆ.

ಪ್ರಾಪ್ ಬೋಲ್ಟು

ಪ್ರಾಪ್ ಅನ್ನು ತಿರುಗಿಸುವುದು ಬೋಲ್ಟುಗಳಲ್ಲ, ಬೋಲ್ಟುಗಳು ಒತ್ತಿ ಹಿಡಿದ ಎರಡು ಮುಖಗಳ ಘರ್ಷಣೆ. ಬಿಗಿ ಕಡಿಮೆಯಾದರೆ ಪ್ರತಿ ಬಡಿತಕ್ಕೂ ಪ್ರಾಪ್ ಕೂದಲೆಳೆಯಷ್ಟು ಜರುಗುತ್ತದೆ. ಬಿಚ್ಚಿದಾಗ ಮುಖದ ಮೇಲೆ ಕಪ್ಪು ಪುಡಿ, ಕೋಳಿಮೊಟ್ಟೆಯ ಆಕಾರಕ್ಕೆ ಹಿಗ್ಗಿದ ರಂಧ್ರ ಕಾಣುತ್ತದೆ. ಅಲ್ಲಿಂದ ಮುಂದೆ ಗೇರು, ಬೇರಿಂಗ್, ಕ್ಲಚ್ ಎಲ್ಲಕ್ಕೂ ಪೆಟ್ಟು. ಮರದ ಪ್ರಾಪ್ ಆದರೆ ಇದು ಹವೆಯ ಜೊತೆಗೂ ಬದಲಾಗುತ್ತದೆ. ಮಳೆಗಾಲದಲ್ಲಿ ಊದಿಕೊಂಡ ಮರ ಡಿಸೆಂಬರ್ ಹೊತ್ತಿಗೆ ಒಣಗಿ ಕುಗ್ಗುತ್ತದೆ, ಬೋಲ್ಟು ತಾನಾಗಿ ಸಡಿಲ. ನಮ್ಮಲ್ಲಿ ಹಾರಲು ಒಳ್ಳೆಯ ಕಾಲವೂ ಅದೇ ಆಗಿರುವುದು ಪೀಕಲಾಟ. ಟಾರ್ಕ್ ರೆಂಚ್ ಹಿಡಿದು ಎದುರುಬದುರಿನ ಬೋಲ್ಟುಗಳನ್ನು ಹಂತಹಂತವಾಗಿ ಬಿಗಿಯಿರಿ. ಆಮೇಲೆ ಬೋಲ್ಟಿನ ತಲೆಯಿಂದ ಹಬ್ಬಿನವರೆಗೆ ಬಣ್ಣದ ಗೆರೆ ಎಳೆದರೆ ಪ್ರತಿ ಹಾರಾಟದ ಮೊದಲು ಒಂದು ನೋಟ ಸಾಕು.

ಪ್ರಾಪ್‌ನ ತೂಕ ಸರಿದೂಗಿಸುವುದನ್ನೂ ಇಲ್ಲಿಯೇ ಹೇಳಬೇಕು. ಒಂದೇ ಬೇರಿಂಗ್ ಪದೇ ಪದೇ ಹೋಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ತುದಿ ಚಕ್ಕೆ ಎದ್ದ ಪ್ರಾಪ್‌ಗೆ ಎಪಾಕ್ಸಿ ಮೆತ್ತಿದ ಮೇಲೆ ತೂಗದೆ ಹಾಕುವುದು ಸಾಮಾನ್ಯ ತಪ್ಪು. ಸಣ್ಣ ಬ್ಯಾಲೆನ್ಸರ್ ಮೇಲೆ ಕೂರಿಸಿ, ಎಲ್ಲಿ ನಿಲ್ಲಿಸಿದರೂ ಅಲ್ಲೇ ನಿಲ್ಲುವ ತನಕ ಹಗುರ ಬದಿಗೆ ವಾರ್ನಿಷ್ ಬಳಿಯಬೇಕು.

ಬಿದ್ದು ಪ್ರಾಪ್ ಮುರಿದಾಗ ಹೊಸ ಪ್ರಾಪ್ ಹಾಕಿ ಹೊರಟುಬಿಡುವುದುಂಟು. ಬೆಲ್ಟ್ ಆಗಿದ್ದರೆ ಅದು ಜಾರಿ ಒಂದಷ್ಟು ಪೆಟ್ಟು ತಡೆದಿರುತ್ತದೆ. ಗೇರಿನಲ್ಲಿ ಆ ಪೆಟ್ಟು ಹಲ್ಲುಗಳ ಮೂಲಕವೇ ಕ್ಲಚ್‌ಗೆ ಹೋಗಿರುತ್ತದೆ. ಶಾಫ್ಟ್ ನೆಟ್ಟಗಿದೆಯೇ ಎಂದು ಡಯಲ್ ಗೇಜ್ ಇಟ್ಟು ನೋಡಬೇಕು. ಆಯಿಲ್ ಸುರಿದು ಚೂರು ಹುಡುಕಬೇಕು. ಬಟ್ಟಲಿನ ಸೀಳು ನೋಡಬೇಕು. ಕ್ಲಚ್ ಬಿಚ್ಚಲು ಎಂಜಿನ್ ತಿರುಗದಂತೆ ಹಿಡಿಯಬೇಕಾದರೆ ಪ್ಲಗ್ ರಂಧ್ರದಿಂದ ಮೆತ್ತನೆ ಹಗ್ಗ ತುರುಕುವ ಉಪಾಯವಿದೆ. ಪಿಸ್ಟನ್ ಮೇಲೇರಿ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ರಂಧ್ರ) ಮುಚ್ಚಿದ ನಂತರವೇ ತುರುಕಿ, ಇಲ್ಲದಿದ್ದರೆ ಹಗ್ಗ ಪೋರ್ಟಿಗೆ ಸಿಕ್ಕಿ ರಿಂಗ್ ಮುರಿಯುತ್ತದೆ. ಬಾಗಿದ ಶಾಫ್ಟನ್ನು ನೆಟ್ಟಗೆ ಮಾಡಿಕೊಡುತ್ತೇನೆ ಎನ್ನುವ ಲೇತ್ ಅಂಗಡಿಗಳು ಸಿಗುತ್ತವೆ. ಬೇಡ ಎನ್ನಿ, ಹೊಸದು ತರಿಸಿ.

ಏನೇ ಬಿಚ್ಚಿ ಜೋಡಿಸಿದರೂ ಮೊದಲು ನೆಲದ ಮೇಲೆ ಕಟ್ಟಿ ಓಡಿಸಿ, ಆರಿಸಿ, ಪ್ಲಗ್ ಕ್ಯಾಪ್ ತೆಗೆದು ಬೇರಿಂಗ್ ಇರುವ ಜಾಗಗಳನ್ನು ಮುಟ್ಟಿ ನೋಡಿ. ಒಂದು ಕಡೆ ಮಾತ್ರ ಕೈ ಇಡಲಾಗದಷ್ಟು ಬಿಸಿ ಇದ್ದರೆ ಅಲ್ಲಿ ಏನೋ ಬಿಗಿಯಾಗಿದೆ. ಬೋಲ್ಟಿನ ಬಣ್ಣದ ಗೆರೆ, ಬೆಲ್ಟಿನ ಹರ್ಟ್ಸ್, ಸೀಲಿನ ಸುತ್ತ ಒದ್ದೆ ಇವನ್ನು ಮೊದಲ ಹಾರಾಟದ ನಂತರ ಮತ್ತೊಮ್ಮೆ ನೋಡಿ, ಎಂಜಿನ್ ಗಂಟೆಯ ಜೊತೆ ಪುಸ್ತಕದಲ್ಲಿ ಬರೆಯಿರಿ. ಭಾಗದ ಹೆಸರು ಮಾತ್ರ ಬರೆದು ಬಿಡಬೇಡಿ, ಅದು ಯಾಕೆ ಹೋಯಿತು ಎಂಬುದಕ್ಕೂ ಒಂದು ಸಾಲು ಇರಲಿ.